ನೆಲ ಮುಟ್ಟಿದ ಕೈ

ನಮ್ಮ ಕೆಲಸದಲ್ಲಿ ತೋಳು ಅಂದರೆ ಸೂಜಿ ಚುಚ್ಚುವ ಜಾಗ, ಬಾವಿ ಅಂದರೆ ಪೌಡರ್ ಹಾಕುವ ಜಾಗ, ಗೋಡೆ ಅಂದರೆ ಘೋಷಣೆ ಬರೆಯುವ ಜಾಗ. ಸೇರಿದ ಹೊಸದರಲ್ಲಿ ನನಗೂ ಲೋಕ ಹಾಗೇ ಕಾಣುತ್ತಿತ್ತು. ಒಂದು ಹಳ್ಳಿಗೆ ಹೋದರೆ ಮೊದಲು ತೋಳುಗಳು ಕಾಣಿಸುತ್ತಿದ್ದವು, ಮನುಷ್ಯರು ಆಮೇಲೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹೆಣ್ಣುಮಕ್ಕಳು ನಮಗಿಂತ ಚುರುಕು, ಓದಿಕೊಂಡವರು. ಆದರೂ ಈ ಕಣ್ಣಿನ ತೊಂದರೆ ಅವರಿಗೂ ಬರುವುದುಂಟು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಾನು ಕಡೂರು, ತರೀಕೆರೆ, ಅಜ್ಜಂಪುರ ಈ ಮೂರು ಕಡೆ ಸುತ್ತಿದವಳು. ಜನ ನರ್ಸಮ್ಮ ಅಂತಿದ್ದರು. ಆಮೇಲೆ ಹೆಲ್ತ್ ವಿಸಿಟರ್ ಆದೆ. ಅದರಿಂದ ಸೀರೆಯ ಬಣ್ಣ ಬದಲಾಯಿತು, ನಡೆಯುವುದು ಜಾಸ್ತಿಯಾಯಿತು, ಅಷ್ಟೇ. ಬಡ್ತಿಯ ಕಥೆ ಅಲ್ಲಿಗೆ ಮುಗಿಯಿತು.

ಆಗ ಒಬ್ಬರಿಗೆ ಚುಚ್ಚಿ ಎಸೆಯುವ ಸೂಜಿ ಎಲ್ಲಿತ್ತು? ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಒಂದು ಸ್ಪಿರಿಟ್ ಸ್ಟೌ. ಕುದಿಸಿ ಕುದಿಸಿ ಚುಚ್ಚುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿಗೆ ತಿಕ್ಕಿ ಚೂಪು ಮಾಡುತ್ತಿದ್ದೆವು. ಕಡೂರಿನಲ್ಲಿ ಒಬ್ಬಾತ ನಾನು ಸೂಜಿ ತಿಕ್ಕುವುದನ್ನು ನೋಡಿ, "ಏನಮ್ಮಾ, ಕುರಿ ಕುಯ್ಯೋಕೆ ಬಂದಿದೀಯೋ, ಇಂಜೆಕ್ಷನ್ ಕೊಡೋಕೆ ಬಂದಿದೀಯೋ?" ಅಂತ ಕೇಳಿ ಸಾಲಿನಿಂದ ಎದ್ದು ಹೋದ. ಅವನ ಹಿಂದೆ ಅರ್ಧ ಸಾಲೇ ಎದ್ದು ಹೋಯಿತು. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಡಾಕ್ಟರ ಹತ್ತಿರ ಬೈಸಿಕೊಂಡು ಅತ್ತಿದ್ದೆ.

ನಾನು ಹೇಳಬೇಕಾದದ್ದು ಕಾಲರಾ ಬಂದ ಒಂದು ಬೇಸಿಗೆಯ ವಿಷಯ. ಎಲ್ಲೋ ಸಮುದ್ರದ ಆಚೆ ಶುರುವಾಗಿ ದೇಶ ದೇಶ ಸುತ್ತಿಕೊಂಡು ಬಂದ ಕಾಯಿಲೆ ಇದು ಅಂತ ನಮ್ಮ ಡಾಕ್ಟರು ಪಾಠ ಮಾಡುವಾಗ ಹೇಳುತ್ತಿದ್ದರು. ನಮ್ಮ ಜನಕ್ಕೆ ಅದು ವಾಂತಿಭೇದಿ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಯಾರ ಮನೆಯಿಂದ ಬಂತು ಅನ್ನುವುದೇ ಅವರಿಗೆ ಮುಖ್ಯ.

ಅದು ಮೊದಲು ಕಂಡದ್ದು ತರೀಕೆರೆಯಲ್ಲಿ. ಕೊಳಾಯಿ ನೀರನ್ನು ಕುದಿಸದೆ ಕುಡಿಯಬಾರದು ಅಂತ ಬೀದಿ ಬೀದಿಯಲ್ಲಿ ತಮಟೆ ಹೊಡೆದು ಸಾರಿಸಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹೆಲ್ತ್ ವರ್ಕರ್ ಮಹಬೂಬ್ ಸಾಬ್ ಆ ಊರಿನವರೇ. ಅವರ ಮನೆತನದವರು ಹಿಂದಿನಿಂದ ಅಂಗಡಿ ಬೋರ್ಡು, ಎತ್ತಿನಗಾಡಿ, ಲಾರಿಗಳಿಗೆ ಬಣ್ಣ ಬಳಿದು ಅಕ್ಷರ ಬರೆಯುವವರು. ಅವರ ಅಣ್ಣ ಖಾದರ್ ಮಾತ್ರ ದರ್ಜಿ. ಹತ್ತು ವರ್ಷದ ಹುಡುಗನಾಗಿದ್ದಾಗ ಜ್ವರ ಬಂದು ಎರಡೂ ಕಿವಿ ಹೋಗಿತ್ತು. ಅಷ್ಟರಲ್ಲಿ ಶಾಲೆಯಲ್ಲಿ ಓದು ಬರಹ ಕಲಿತಿದ್ದರಿಂದ ಅಳತೆ, ಹೆಸರು ಎಲ್ಲ ಬರೆಸಿಕೊಂಡು ಬಟ್ಟೆ ಹೊಲಿಯುತ್ತಿದ್ದ.

ಆ ಖಾದರ್‌ಗೆ ಕಾಲರಾ ಬಂತು. ಆಸ್ಪತ್ರೆ ಯಾವುದು ಅನ್ನುವುದು ಬೇಡ. ಬೇರೆ ಒಂದು ಕೋಣೆಯಲ್ಲಿ ಮಲಗಿಸಿದ್ದರು, ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ಹೋಗಿ ನೋಡಿದರೆ ಪ್ರಜ್ಞೆ ಇಲ್ಲ ಅಂತ ಬರೆದು ನೇತುಹಾಕಿದ್ದಾರೆ, ಆಸಾಮಿ ಕಣ್ಣು ಅಗಲಿಸಿಕೊಂಡು ಸೂರು ನೋಡುತ್ತಿದ್ದಾನೆ. ಕೂಗಿದರೆ ತಿರುಗಿ ನೋಡಲಿಲ್ಲವಂತೆ, ಹೆಸರು ಕೇಳಿದರೆ ಹೇಳಲಿಲ್ಲವಂತೆ. ನಾನು ಅವನ ಮುಖದೆದುರು ನಿಂತು ಕೈಯಲ್ಲಿ ನೀರು ಕುಡಿಯುವ ಹಾಗೆ ತೋರಿಸಿದೆ. ಅವನು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟು ಹೊತ್ತು ಬಾಯಾರಿ ಒದ್ದಾಡಿದ್ದಾನೆ, ಕೇಳಿದವರಿಲ್ಲ. ಸಲೈನ್ ಬಾಟಲಿಗಳ ಮೇಲೆ ಬಾಟಲಿ ಏರಿ ಅವನೇನೋ ಬದುಕಿದ.

ಹೊರಗೆ ಖಾದರ್‌ನ ತಾಯಿ ಕೂತಿದ್ದರು. "ಸಾರಿದ್ದು ನಮ್ಗೆಲ್ಲಾ ಕೇಳಿಸ್ತು ಸಿಸ್ಟರಮ್ಮ. ಇಡೀ ಬೀದಿಗೇ ಹೇಳಿದ್ರಲ್ಲ, ಎಲ್ಲರ್ಗೂ ಗೊತ್ತಾಯ್ತು ಅಂತ ಸುಮ್ನಾದ್ವಿ. ಇವನ್ಗೆ ಹೇಳೋದೇ ಮರ್ತೋಯ್ತು. ಕ್ಯಾ ಕರ್ನಾ," ಅಂದರು. ಖಾದರ್ ಅಂಗಡಿಯಿಂದ ಬಂದವನು ಮನೆ ಮುಂದಿನ ಕೊಳಾಯಿಗೇ ಬಾಯಿಟ್ಟು ಕುಡಿದಿದ್ದ.

ಮಹಬೂಬ್ ಸಾಬ್ ಆ ದಿನದಿಂದ ಒಂದೇ ಹಟ ಹಿಡಿದರು. ತಮಟೆ ಸಾಲದು, ಊರೂರಿನ ಗೋಡೆ ಮೇಲೆ ಬರೆಯಬೇಕು, ದೊಡ್ಡ ಅಕ್ಷರದಲ್ಲಿ. ನಮ್ಮ ಡಾಕ್ಟರು ಒಪ್ಪಿದರು. ಡಾಕ್ಟರು ಬೆಂಗಳೂರಿನ ಕಡೆಯವರು, ವಯಸ್ಸು ಚಿಕ್ಕದು. ಕೆಲಸದಲ್ಲಿ ಎರಡು ಮಾತಿಲ್ಲ, ಊಟ ಬಿಟ್ಟು ದುಡಿಯುತ್ತಿದ್ದರು. ಆದರೆ ತಾವು ಹೇಳಿದ್ದೇ ಆಗಬೇಕು. ಘೋಷಣೆ ಕಟ್ಟುವುದೆಂದರೆ ಅವರಿಗೆ ಭಾರಿ ಇಷ್ಟ.

ಅಷ್ಟರಲ್ಲಿ ಕಾಯಿಲೆ ಅಜ್ಜಂಪುರದ ಕಡೆ ಹಬ್ಬಿತು. ಬುಕ್ಕಾಂಬುಧಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಒಂದು ಹಳ್ಳಿ. ಅದರ ಹೆಸರೂ ಬೇಡ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಅಲ್ಲಿ ಮೊದಲ ಸಾವು ಆದಾಗ ನಾವು ಸೂಜಿಪೆಟ್ಟಿಗೆ ಎತ್ತಿಕೊಂಡು ಹೋದೆವು. ಚಾವಡಿಯ ಮುಂದೆ ಸಾಲು ನಿಲ್ಲಿಸಿ ಚುಚ್ಚತೊಡಗಿದೆ. ಕಾಲರಾ ಸೂಜಿ ಹಾಕಿಸಿಕೊಂಡರೆ ತೋಳು ಊದಿ ಎರಡು ದಿನ ಎತ್ತಲು ಆಗುತ್ತಿರಲಿಲ್ಲ. ಹೊಲದ ಕೆಲಸಕ್ಕೆ ತೊಂದರೆ ಅಂತ ಗಂಡಸರು ಎಡತೋಳು ಕೊಡುತ್ತಿದ್ದರು.

ಸಾಲಿನಲ್ಲಿ ಒಂದು ತಲೆ ಉಳಿದ ತಲೆಗಳಿಗಿಂತ ಕೆಳಗಿತ್ತು. ಮಗು ಅಂದುಕೊಂಡು ಬಗ್ಗಿ ತೋಳು ಹಿಡಿದೆ. ಅದು ಕಬ್ಬಿಣದ ಹಾಗಿದ್ದ ತೋಳು. ನೋಡಿದರೆ ಇಪ್ಪತ್ತೈದರ ಆಸುಪಾಸಿನ ಹೆಂಗಸು. ಎರಡೂ ಕಾಲು ಬತ್ತಿ ಹಿಂದಕ್ಕೆ ಮಡಚಿಕೊಂಡಿವೆ. ಅಂಗೈಗಳಿಗೆ ಹಳೇ ಟೈರು ಕತ್ತರಿಸಿ ಪಟ್ಟಿ ಹೊಲಿದ ಎರಡು ತುಂಡು ಹಾಕಿಕೊಂಡಿದ್ದಾಳೆ. ಅವೇ ಅವಳ ಮೆಟ್ಟು. ಕೈಮೆಟ್ಟು ಅಂತಿದ್ದಳು. ಚಿಕ್ಕಂದಿನಲ್ಲಿ ಪೋಲಿಯೋ ಬಂದದ್ದು.

"ಅಮ್ಮಾ, ತೋಳಿಗೆ ಬ್ಯಾಡ," ಅಂದಳು.

"ಯಾಕಮ್ಮ, ಭಯಾನ?"

"ಭಯ ಯಾಕೆ? ಇವೆಲ್ಲ ತೋಳು ಊದ್ಕಂಡ್ರೂ ನಡ್ಕಂಡ್ ಹೋಯ್ತವೆ. ನಾನು ನಡಿಯೋದೇ ತೋಳಲ್ಲಿ. ತೊಡೆಗೆ ಚುಚ್ಚಿ. ಅದು ಹೆಂಗೂ ಸುಮ್ನೆ ಬಿದ್ದೈತೆ, ಒಂದು ಕೆಲ್ಸನಾದ್ರೂ ಆಗ್ಲಿ."

ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ, ಆಮೇಲೆ ತೊಡೆಗೇ ಚುಚ್ಚಿದೆ. ಅವತ್ತಿನಿಂದ ನಿವೃತ್ತಿಯಾಗುವವರೆಗೂ ಯಾರಿಗೇ ಸೂಜಿ ಹಾಕಲಿ, ಮೊದಲು ಯಾವ ಕೈಯಲ್ಲಿ ಏನು ಕೆಲಸ ಮಾಡುತ್ತೀರಿ ಅಂತ ಕೇಳುವ ಅಭ್ಯಾಸ ಮಾಡಿಕೊಂಡೆ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಅವಳ ಹೆಸರು ಹಾಲಮ್ಮ. ಅಣ್ಣ ಅತ್ತಿಗೆಯ ಮನೆಯಲ್ಲಿದ್ದಳು. ಮುತ್ತುಗದ ಎಲೆಗೆ ಸಣ್ಣ ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುವುದು ಅವಳ ಕೆಲಸ. ಸುತ್ತಿನ ಮದುವೆ, ತಿಥಿ, ಮಠದ ದಾಸೋಹ ಎಲ್ಲಕ್ಕೂ ಅವಳು ಹಚ್ಚಿದ ಎಲೆಯೇ ಹೋಗುತ್ತಿತ್ತು. ಸಾರು ಹಾಕಿದರೆ ತೊಟ್ಟು ಸೋರುತ್ತಿರಲಿಲ್ಲ ಅಂತ ಹೆಸರು. ಆ ದುಡಿಮೆ ಇದ್ದದ್ದರಿಂದ ಅತ್ತಿಗೆಯ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು. ಬೆಕ್ಕಿಗೆ ಹಾಲು ಹಾಕುವುದರಿಂದ ಹಿಡಿದು ಅಣ್ಣನ ಮಗಳಿಗೆ ಗಂಡು ನೋಡುವವರೆಗೆ ಅವಳನ್ನು ಕೇಳದೆ ಏನೂ ಆಗುತ್ತಿರಲಿಲ್ಲ.

ಸೂಜಿ ಹಾಕಿದ ಮಾರನೇ ದಿನ ಡಾಕ್ಟರು ಬಂದು ಚಾವಡಿಯಲ್ಲಿ ಭಾಷಣ ಮಾಡಿದರು. ಕೈಯಿಂದ ಬಾಯಿಗೆ ಕಾಯಿಲೆ ಹೇಗೆ ಹೋಗುತ್ತದೆ ಅಂತ ಚಿತ್ರ ಬಿಡಿಸಿ ತೋರಿಸಿದರು. ಎಲ್ಲ ಸರಿಯಾಗಿಯೇ ಇತ್ತು. ಹೋಗುವಾಗ ಮಹಬೂಬ್ ಸಾಬರಿಗೆ, "ಈ ಗೋಡೆ ಮೇಲೆ ಬರೀರಿ. ನೆಲ ಮುಟ್ಟಿದ ಕೈ ರೋಗದ ಮನೆ," ಅಂದರು.

"ಸಾರ್, ಕೈ ತೊಳೆಯಿರಿ ಅಂತ ಒಂದು ಸೇರಿಸ್ಲಾ?"

"ಜಾಗ ಎಲ್ಲಿದೆ ಮಹಬೂಬ್? ಅಕ್ಷರ ದೊಡ್ಡದಿರಬೇಕು ಅಂದೋರು ನೀವೇ ಅಲ್ವಾ? ಘೋಷಣೆ ಚಿಕ್ಕದಾಗಿದ್ರೇ ಮನಸ್ಸಲ್ಲಿ ನಿಲ್ಲೋದು."

ಮಹಬೂಬ್ ಸಾಬ್ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣು ಕಲಸಿ ಬರೆದರು. ಮೇಲಿನ ಸಾಲಿನಲ್ಲಿ 'ನೆಲ ಮುಟ್ಟಿದ ಕೈ', ಕೆಳಗಿನ ಸಾಲಿನಲ್ಲಿ 'ರೋಗದ ಮನೆ'. ಒಂದೊಂದು ಅಕ್ಷರವೂ ಮೊಳದುದ್ದ. ಬಹಳ ಚೆನ್ನಾಗಿ ಬಂದಿತ್ತು. "ನಮ್ಮಣ್ಣ ಆ ಬೇಲಿ ಹತ್ತಿರ ನಿಂತೂ ಓದಬಹುದು," ಅಂತ ಮಹಬೂಬ್ ಸಾಬ್ ನನಗೆ ತೋರಿಸಿದರು.

ವಾರದೊಳಗೆ ಆ ಊರಿನಲ್ಲಿ ಇನ್ನೂ ಮೂರು ಜನ ಹೋದರು. ಹೆದರಿದ ಊರು ಕಾರಣ ಹುಡುಕುತ್ತದೆ. ಗೋಡೆ ಮೇಲೆ ಕಾರಣ ಬರೆದಿತ್ತು. ಆ ಊರಿನಲ್ಲಿ ಕೈಯಿಂದ ನೆಲ ಮುಟ್ಟಿಕೊಂಡು ಓಡಾಡುವವರು ಒಬ್ಬರೇ. ಆ ಕೈಯಿಂದಲೇ ಎಲೆ ಹಚ್ಚಿ ಎಲ್ಲರ ಊಟಕ್ಕೂ ಕೊಡುವವಳು.

ನಾನು ಮತ್ತೆ ಹೋದಾಗ ಹಾಲಮ್ಮ ಮನೆಯೊಳಗೆ ಇರಲಿಲ್ಲ. ಹಿತ್ತಿಲ ಕೊಟ್ಟಿಗೆಯಲ್ಲಿ ಎಮ್ಮೆ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಹಚ್ಚಿಟ್ಟ ಎಲೆಯ ಕಂತೆಗಳು ಒಣಗಿ ಮುರುಟಿಕೊಂಡಿದ್ದವು. ಒಬ್ಬರೂ ಕೊಂಡಿರಲಿಲ್ಲ, ಮಠದ ಅಡುಗೆಯವರೂ ಈ ಸಲ ಬೇಡ ಅಂದಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು ನೀರನ್ನು ಎತ್ತರದಿಂದ ಅವಳ ಚೊಂಬಿಗೆ ಸುರಿದು ಹೋದಳು. ಹನಿಗಳು ಸೀರೆ ಮೇಲೆಲ್ಲ ಬಿದ್ದವು.

"ಹಾಲಮ್ಮ, ಇದೇನೇ ಇದು?" ಅಂದೆ.

"ನಂಗೆ ಓದಕ್ ಬರಾಕಿಲ್ಲ ಕಣಮ್ಮ. ನೀವೇ ಹೇಳಿ. ಆ ಗೋಡೆ ಮ್ಯಾಲೆ ನನ್ ಹೆಸ್ರು ಬರೆದೈತಾ? ಹುಡುಗ್ರು ನನ್ನ ಕಂಡ್ರೆ ಅದನ್ನ ತೋರ್ಸಿ ಓಡೋಯ್ತವೆ."

ಹೆಸರಿಲ್ಲ ಅಂದೆ. ಏನು ಬರೆದಿದೆ ಅಂತ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಕೈಮೆಟ್ಟು ತೆಗೆದು ಎರಡು ಅಂಗೈಗಳನ್ನು ನನ್ನ ಮುಂದೆ ಚಾಚಿದಳು. "ನೋಡಿ. ಬಯಲಿಗೆ ಹೋಗೋ ಮೆಟ್ಟು ಬ್ಯಾರೆ, ಬೀದಿ ಮೆಟ್ಟು ಬ್ಯಾರೆ. ನೆಲ ಮುಟ್ಟೋದು ಟೈರು, ಕೈಯಲ್ಲ. ಎಲೆ ಮುಟ್ಟೋ ಮುಂಚೆ ಅಂಟುವಾಳ ಹಾಕಿ ತೊಳ್ಕೊತೀನಿ. ಕಾಲಲ್ಲಿ ನಡಿಯೋರ್ಗೆ ಇದೆಲ್ಲ ಬೇಕಾಗಾಕಿಲ್ಲ, ಅವ್ರು ಬರ್ತಾರೆ, ಉಣ್ತಾರೆ. ಒಬ್ರಾದ್ರೂ ನನ್ನ ಕೇಳ್ಬೋದಿತ್ತು."

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಅತ್ತಿಗೆ ಅಣ್ಣನಿಗೆ ಹೇಳುತ್ತಿದ್ದಳಂತೆ: ಎಲೆ ಹೋಗದ ಮೇಲೆ ಇವಳನ್ನು ಅಜ್ಜಂಪುರದ ಸ್ಟೇಷನ್ನಿನಲ್ಲಿ ಬೆಳಗ್ಗೆ ಕೂರಿಸಿ ಸಂಜೆ ಕರಕೊಂಡು ಬಂದರೆ ಆಯಿತು, ಇವಳಂಥವರಿಗೆ ಜನ ಕೊಡುತ್ತಾರೆ, ಅಂತ. ಅಣ್ಣ ಬೇಡ ಅನ್ನಲಿಲ್ಲವಂತೆ. "ಕೈ ಒಡ್ಡೋಕೆ ಮಾತ್ರ ನನ್ ಕೈ ಚೆಂದಾಕೈತೆ ನೋಡಿ," ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ನಾನು ನೋಡಿದ್ದು ಅದೊಂದೇ ಸಲ.

ವಾಪಸು ಬರುವಾಗ ಮಹಬೂಬ್ ಸಾಬರಿಗೆ ಎಲ್ಲ ಹೇಳಿದೆ. ಅವರು ತಳ್ಳುತ್ತಿದ್ದ ಸೈಕಲ್ ನಿಲ್ಲಿಸಿದರು. "ನಮ್ಮಣ್ಣನಿಗೆ ಕೇಳ್ಸಲ್ಲ, ಈಯಮ್ಮನಿಗೆ ಓದಕ್ ಬರಲ್ಲ. ಅವನಿಗೋಸ್ಕರ ಬರೆದದ್ದು ಇವಳ ತಲೆ ಮೇಲೆ ಬಿತ್ತಲ್ಲ ಸಿಸ್ಟರ್," ಅಂದರು. ಅಳಿಸಿಬಿಡೋಣ ಅಂದೆ. ಡಾಕ್ಟರು ಹೇಳದೆ ಅಳಿಸಿದರೆ ನೌಕರಿಗೆ ಸಂಚಕಾರ. ಡಾಕ್ಟರನ್ನು ಕೇಳಿದೆವು. ಊರಲ್ಲಿ ಜನ ಸಾಯುತ್ತಿದ್ದಾರೆ, ಒಬ್ಬಳ ಮನಸ್ಸಿಗೆ ನೋವಾಯಿತು ಅಂತ ಪ್ರಚಾರ ನಿಲ್ಲಿಸಲಾ ಅಂದರು. ಅವರ ಚಿಂತೆಯೆಲ್ಲ ಬಾವಿಯ ಮೇಲಿತ್ತು.

ಬಾವಿಯದ್ದು ನಿಜವಾದ ಚಿಂತೆಯೇ. ಊರಲ್ಲಿ ಎರಡು ಸೇದುವ ಬಾವಿ. ಬ್ಲೀಚಿಂಗ್ ಪೌಡರ್ ಹಾಕಿದರೆ ಕೆಲವು ತಾಸು ನೀರು ಮುಟ್ಟಬಾರದು. ಆದರೆ ಹಗಲು ರಾತ್ರಿ ಬಿಡುವೇ ಇಲ್ಲದೆ ಜನ ನೀರು ಸೇದುತ್ತಿದ್ದರು. ವಾಸನೆ ಬಂದರೆ ಕೆರೆಯಂಗಳದಲ್ಲಿ ಗುಂಡಿ ತೋಡಿ ಆ ನೀರು ಕುಡಿಯುತ್ತಿದ್ದರು, ಅದು ಇನ್ನೂ ಕೇಡು. ಎರಡು ಸಲ ಪೌಡರ್ ಹಾಕಿದ್ದೂ ದಂಡವಾಗಿತ್ತು.

ಆಗಲೇ ಊರಿನವರು ಹೊರಬೀಡು ಅಂತ ಗೊತ್ತು ಮಾಡಿದರು. ಊರಿಗೆ ಕೆಟ್ಟ ರೋಗ ಬಂದಾಗ ಇಡೀ ಊರು ಒಂದು ದಿನ ದನಕರು, ಕೋಳಿ, ಕೂಸು ಸಮೇತ ಹೊರಗೆ ಹೋಗಿ ತೋಪಿನಲ್ಲಿ ಅಡುಗೆ ಮಾಡಿ ಉಂಡು ಹೊತ್ತು ಮುಳುಗಿದ ಮೇಲೆ ಒಳಗೆ ಬರುವುದು. ಅಲ್ಲಿಯವರೆಗೆ ಊರಬಾಗಿಲಿಗೆ ಮುಳ್ಳು ಹಾಕಿರುತ್ತಾರೆ. ಈ ಸುದ್ದಿ ಕೇಳಿ ಡಾಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. ಒಂದು ಹಗಲು ಪೂರ್ತಿ ಬಾವಿ ಮುಟ್ಟುವವರಿಲ್ಲ. ನಮಗೆ ಬೇಕಾಗಿದ್ದದ್ದು ಅದೇ.

ಚಾವಡಿಯಲ್ಲಿ ಮಾತಿಗೆ ಕೂತೆವು. ಊರಿನ ಪಟೇಲರು ಸಿದ್ಧಪ್ಪಗೌಡರು, ವಯಸ್ಸಾದವರು, ಕಿರಾಣಿ ವ್ಯಾಪಾರವೂ ಇತ್ತು. ಒಳ್ಳೆಯ ಮನುಷ್ಯರು, ಆದರೆ ಊರಿನವರ ಮಾತು ಮೀರುವವರಲ್ಲ. "ಡಾಕ್ಟ್ರೇ, ನೀವು ಔಷ್ದಿ ಹಾಕ್ತೀವಿ ಅನ್ನೋದು ಸರಿ. ಆದ್ರೆ ಹೊರಬೀಡಿನ ದಿನ ಹೊತ್ತು ಹುಟ್ಟಿದ ಮ್ಯಾಕೆ ಮುಳುಗೋಗಂಟ ಊರೊಳ್ಗೆ ಯಾರೂ ಕಾಲಿಡೋ ಹಂಗಿಲ್ಲ. ಕಾಲಿಟ್ರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ," ಅಂದರು.

"ಹಿಂದಿನ ರಾತ್ರೀನೇ ಹಾಕ್ತೀವಿ," ಅಂದರು ಡಾಕ್ಟರು.

"ಹೊರ್ಡೋವಾಗ ಎಲ್ರೂ ಕೊಡ ತುಂಬ್ಕಂಡ್ ಹೋಗ್ಬೇಕಲ್ಲ. ತೋಪಲ್ಲಿ ನೀರೆಲ್ಲೈತೆ?"

ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಗೊಣಗಿಕೊಂಡರು. ಇನ್ನೊಂದು ವಿಷಯವೂ ಅಲ್ಲೇ ಬಂತು. ಹಾಲಮ್ಮನನ್ನು ಏನು ಮಾಡುವುದು? ಯಾವಾಗಲೂ ಅಣ್ಣನ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಈ ಸಲ ಅವಳನ್ನು ಗಾಡಿಗೆ ಹತ್ತಿಸಿಕೊಳ್ಳಲು ಅತ್ತಿಗೆ ಒಪ್ಪುತ್ತಿಲ್ಲ, ತೋಪಿನಲ್ಲಿ ತಮ್ಮ ಒಲೆ ಹತ್ತಿರ ಕೂರಿಸಿಕೊಳ್ಳಲು ಯಾರೂ ತಯಾರಿಲ್ಲ. ಕೆರೆ ಏರಿಯ ಆ ತುದಿಯಲ್ಲಿ ಒಬ್ಬಳನ್ನೇ ಬಿಟ್ಟು ಸಂಜೆ ಕರೆದುಕೊಂಡರಾಯಿತು ಅಂತ ಯಾರೋ ಅಂದರು. ಏರಿಯ ಮೇಲೆ ನೆರಳಿಲ್ಲ. ಬೇಸಿಗೆ ಬಿಸಿಲು. ನಾನು ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಒಂದು ದನಿ ಬಂತು. ಹಾಲಮ್ಮ ಯಾವಾಗಲೋ ತೆವಳಿಕೊಂಡು ಬಂದು ಚಾವಡಿ ಮೆಟ್ಟಿಲ ಹತ್ತಿರ ಕೂತಿದ್ದಳು.

"ಗೌಡ್ರೇ, ಊರೊಳ್ಗೆ ಕಾಲಿಡಬಾರ್ದು ಅಂತ ತಾನೆ ಇರೋದು?"

"ಹೂಂ ಕಣವ್ವ."

"ನಾನು ಕಾಲಿಡೋದೇ ಇಲ್ವಲ್ಲ."

ಯಾರೋ ಕಿಸಕ್ಕೆಂದರು. ಗೌಡರು ನಗಲಿಲ್ಲ. ಅವಳೇ ಮುಂದುವರಿಸಿದಳು. "ನನ್ ಕಾಲು ಈ ಊರ ನೆಲ ಮೆಟ್ಟಿ ಇಪ್ಪತ್ತು ವರ್ಷದ್ ಮ್ಯಾಗಾತು. ನನ್ನ ಇಲ್ಲೇ ಬಿಟ್ಟೋಗಿ. ಸಾಬ್ರು ಔಷ್ದಿ ಕದಡಿಟ್ರೆ ನಾನು ಬಾವಿಗೆ ಬಿಡ್ತೀನಿ. ಎಲೆ ಕಟ್ಟೋ ಹಗ್ಗ ಎಳ್ದು ಎಳ್ದು ನನ್ ರಟ್ಟೆ ಗಟ್ಟಿ ಐತೆ. ಯಾರ ಒಲೆ ಹತ್ರಾನೂ ಬರಾಕಿಲ್ಲ, ನೀವೂ ನಿಶ್ಚಿಂತೆಯಾಗಿ ಉಂಡ್ಕಂಡ್ ಬನ್ನಿ."

ಪಟೇಲರು ಪಕ್ಕದಲ್ಲಿ ಕೂತಿದ್ದ ಊರಮ್ಮನ ಗುಡಿಯ ಪೂಜಾರಿಯ ಮುಖ ನೋಡಿದರು. ಪೂಜಾರಿ, "ಹಿರೀಕ್ರು ಹೇಳಿರೋದು ಕಾಲಿಡಬಾರ್ದು ಅಂತ್ಲೇ," ಅಂದ. ಅವನಿಗೂ ಬಾವಿಯ ಭಯ ಇದ್ದೇ ಇತ್ತು, ಎರಡು ದಿನದ ಹಿಂದೆ ಅವನ ಮಗಳು ವಾಂತಿಭೇದಿಯಿಂದ ಮಲಗಿ ಎದ್ದಿದ್ದಳು. ಗೌಡರು ಹೆಗಲ ಟವಲು ಕೊಡವಿ, "ಆಗ್ಲಿ," ಅಂದರು. ಅಷ್ಟು ದೊಡ್ಡ ಓದು ಓದಿದ ಡಾಕ್ಟರಿಗೂ, ಇಷ್ಟು ವರ್ಷ ಊರು ಸುತ್ತಿದ ನನಗೂ ಹೊಳೆಯದ ದಾರಿ ಅದು. ಕನ್ನಡದಲ್ಲಿ ಹೀಗೊಂದು ಸಂದು ಇದೆ ಅಂತ ನಮಗೆ ಯಾರಿಗೂ ತೋಚಿರಲಿಲ್ಲ.

ಅವಳನ್ನು ಬೇರೆ ಕರೆದು, ಇಡೀ ಊರಲ್ಲಿ ಒಬ್ಬಳೇ ಇರಬೇಕು, ಭಯವಾಗುವುದಿಲ್ಲವಾ ಅಂತ ಕೇಳಿದೆ. "ಕೊಟ್ಟಿಗೇಲಿ ಒಬ್ಳೇ ಇರೋದಕ್ಕಿಂತ ಊರಲ್ಲಿ ಒಬ್ಳೇ ಇರೋದು ವಾಸಿ ಕಣಮ್ಮ. ಬಾವಿ ನೀರು ನನ್ ಕೈಲೇ ಶುದ್ಧ ಆದ್ರೆ ಆಮೇಲೆ ಈ ಕೈಗೆ ಏನಂತಾರೆ ನೋಡಾನ," ಅಂದಳು.

ಹೊರಬೀಡಿನ ಹಿಂದಿನ ಸಂಜೆ ಮಹಬೂಬ್ ಸಾಬ್ ಪೌಡರ್ ಕದಡಿ, ತಿಳಿಯಾದ ಮೇಲೆ ಮಡಕೆಗಳಿಗೆ ತುಂಬಿ ಎರಡೂ ಬಾವಿಯ ಕಟ್ಟೆ ಹತ್ತಿರ ಇಟ್ಟು ಮುಚ್ಚಿದರು. ಬಿಂದಿಗೆಗೆ ಸುರಿದು ಕೆಳಗೆ ಬಿಟ್ಟು, ನೀರೊಳಗೆ ಮುಳುಗಿಸಿ ಮೇಲೆ ಕೆಳಗೆ ಆಡಿಸಬೇಕು ಅಂತ ಅವಳ ಕೈಯಲ್ಲೇ ಒಂದು ಸಲ ಮಾಡಿಸಿದರು. ಕಣ್ಣು ಮೂಗಿಗೆ ಹತ್ತಿರ ತರಬೇಡ, ಮುಗಿದ ಮೇಲೆ ಕೈಗೆ ಎಣ್ಣೆ ಹಚ್ಚಿಕೋ ಅಂತ ನಾನೊಂದು ಸಣ್ಣ ಸೀಸೆ ಕೊಟ್ಟೆ.

ಬೆಳಗಾಗುವಷ್ಟರಲ್ಲಿ ಊರು ಖಾಲಿಯಾಯಿತು. ಮುಳ್ಳು ಬಿತ್ತು. ನಾನು, ಮಹಬೂಬ್ ಸಾಬ್ ಮುಳ್ಳಿನ ಹೊರಗೆ ಒಂದು ಹೊಂಗೆಮರದ ಕೆಳಗೆ ಕೂತೆವು. ಒಳಗೆ ನಾಯಿ ಬೊಗಳುವುದೂ ಇಲ್ಲ. ಸ್ವಲ್ಪ ಹೊತ್ತಿಗೆ ಮೊದಲ ಬಾವಿಯ ರಾಟೆ ಕಿರ್ ಅಂದಿತು. ಮತ್ತೆ ಮತ್ತೆ ಅಂದಿತು. ಮಹಬೂಬ್ ಸಾಬ್ ಒಂದೊಂದು ಸದ್ದಿಗೂ ತಲೆದೂಗಿದರು. ಆಮೇಲೆ ನಿಂತಿತು.

ಎರಡನೇ ಬಾವಿ ಚಾವಡಿಯ ಆಚೆ. ತೆವಳಿಕೊಂಡು ಹೋಗಲು ಎಷ್ಟು ಹೊತ್ತು ಬೇಕು ಅಂತ ನಾವು ಮೊದಲೇ ನೋಡಿದ್ದೆವು. ಆ ಹೊತ್ತು ಆಯಿತು, ರಾಟೆಯ ಸದ್ದಿಲ್ಲ. ಅದರ ಎರಡರಷ್ಟು ಹೊತ್ತಾಯಿತು, ಸದ್ದಿಲ್ಲ. ಕಟ್ಟೆ ಹತ್ತುವಾಗ ಜಾರಿದಳೋ, ಘಾಟಿಗೆ ತಲೆ ತಿರುಗಿ ಬಿದ್ದಳೋ. ಕೂಗಿದರೆ ಉತ್ತರವಿಲ್ಲ. ಮುಳ್ಳು ಸರಿಸಿ ಒಳಗೆ ಹೋಗುತ್ತೇನೆ ಅಂತ ಎದ್ದೆ. ಮಹಬೂಬ್ ಸಾಬ್ ಕೈ ಅಡ್ಡ ಹಿಡಿದರು. "ನೀವು ಕಾಲಿಟ್ರೆ ಅವಳು ಮಾಡಿದ್ದೆಲ್ಲ ಹೋಯ್ತು ಸಿಸ್ಟರ್. ನಾಳೆ ಒಬ್ರು ಸತ್ರೂ ಅವಳ ಮೇಲೇ ಬರುತ್ತೆ. ಇನ್ನೊಂದ್ ಚೂರು ತಡೀರಿ." ಕೊನೆಗೂ ದೂರದಲ್ಲಿ ರಾಟೆ ಕಿರ್ ಅಂದಿತು. ಇಬ್ಬರೂ ಮತ್ತೆ ಮರದ ಕೆಳಗೆ ಕೂತೆವು.

ಸಂಜೆ ಮುಳ್ಳು ತೆಗೆದು ಗೌಡರು ಮೊದಲು ಒಳಗೆ ಹೆಜ್ಜೆಯಿಟ್ಟರು, ಹಿಂದೆ ನಾವೆಲ್ಲ. ಚಾವಡಿಯ ಮುಂದೆ ಎಲ್ಲರೂ ನಿಂತುಬಿಟ್ಟರು. ಗೋಡೆಯ ಮೇಲಿನ ಕೆಳಗಿನ ಸಾಲು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಕೆಮ್ಮಣ್ಣೆಲ್ಲ ಇಳಿದು ಹೋಗಿತ್ತು. ಮೇಲಿನ ಸಾಲು ಹಾಗೇ ಇತ್ತು. ಅಲ್ಲಿಗೆ ಅವಳ ಕೈ ಎಟುಕಿರಲಿಲ್ಲ. 'ನೆಲ ಮುಟ್ಟಿದ ಕೈ' ಅಂತ ಅಷ್ಟೇ ಉಳಿದಿತ್ತು.

ಹಾಲಮ್ಮ ಮೆಟ್ಟಿಲ ಪಕ್ಕ ಕೂತಿದ್ದಳು. ಕೈಗಳು ಬೆಳ್ಳಗೆ ಬಿರಿದಿದ್ದವು, ಉಗುರಿನಲ್ಲಿ ಕೆಮ್ಮಣ್ಣು. "ಎರಡೂ ಬಾವಿಗೆ ಬಿಟ್ಟಿದೀನಿ ಸಾಬ್ರೇ, ನೀವು ಹೇಳ್ದಂಗೇ," ಅಂದಳು. ಗೋಡೆಯ ಮಾತು ಎತ್ತಲಿಲ್ಲ. ಗೌಡರು ಗೋಡೆ ನೋಡಿದರು, ಅವಳ ಕೈ ನೋಡಿದರು. "ಯಾರಾದ್ರೂ ಆ ಹುಡ್ಗಿಗೆ ಉಣ್ಣಕ್ ಕೊಡ್ರೋ, ಬೆಳಗ್ಗಿಂದ ಖಾಲಿ ಹೊಟ್ಟೇಲಿ ಅವ್ಳೆ," ಅಂದು ಮನೆಗೆ ನಡೆದರು.

ಆಮೇಲೆ ಆ ಊರಿನಲ್ಲಿ ಇಬ್ಬರಿಗೆ ಬಂತು, ಇಬ್ಬರೂ ಉಳಿದರು, ಅಲ್ಲಿಗೆ ನಿಂತಿತು. ಅಮ್ಮ ತಣ್ಣಗಾದಳು ಅಂತ ಊರಿನವರು, ಬ್ಲೀಚಿಂಗ್ ಪೌಡರ್ ಅಂತ ಡಾಕ್ಟರು. ನಾನು ಇಬ್ಬರಿಗೂ ಹೂಂಗುಟ್ಟಿದೆ.

ಡಾಕ್ಟರು ಗೋಡೆ ನೋಡಿ ಸಿಟ್ಟಾದರು. ಅರ್ಧ ವಾಕ್ಯ ನಿಲ್ಲಿಸಿದರೆ ಇಲಾಖೆಗೆ ಅವಮಾನ, ಪೂರ್ತಿ ಮಾಡಿ ಅಂತ ಮಹಬೂಬ್ ಸಾಬರಿಗೆ ಹೇಳಿ ಹೋದರು. ಏನು ಬರೆಯಬೇಕು ಅಂತ ಹೇಳಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಹಬೂಬ್ ಸಾಬ್ ಕೆಮ್ಮಣ್ಣು ಕಲಸಿ ಖಾಲಿಯಾಗಿದ್ದ ಸಾಲಿನಲ್ಲಿ 'ತೊಳೆದರೆ ಸಾಕು' ಅಂತ ಬರೆದರು. ಅಕ್ಷರ ಮೊದಲಿನಷ್ಟೇ ದೊಡ್ಡವು. ಮುಂದಿನ ವಾರ ಡಾಕ್ಟರು ಬಂದು ಜೀಪಿನಿಂದಲೇ ಓದಿ, "ಹೂಂ," ಅಂದರು.

ಊರು ಅಷ್ಟಕ್ಕೇ ಬದಲಾಗಲಿಲ್ಲ. ಅತ್ತಿಗೆ ಹಾಲಮ್ಮನನ್ನು ಒಳಗೆ ಕರೆದದ್ದು ಮಳೆ ಬಿದ್ದ ಮೇಲೆ,  ಕೊಟ್ಟಿಗೆ ಸೋರುತ್ತದೆ ಅನ್ನುವ ನೆಪದಲ್ಲಿ. ಸ್ಟೇಷನ್ನಿನ ಮಾತು ಇನ್ನೂ ಒಂದೆರಡು ಸಲ ಬಂತಂತೆ. ಅದು ನಿಂತದ್ದು ಗೌಡರ ಮನೆಯಲ್ಲಿ ಮಗಳ ಮದುವೆ ಗೊತ್ತಾದಾಗ. ಗೌಡರ ಹೆಂಡತಿ ತಾವೇ ಬಂದು ಎಲೆಗೆ ಹೇಳಿದರು. ನಾನು ಅವತ್ತು ಅಲ್ಲೇ ಇದ್ದೆ. "ಹಾಲವ್ವ, ಕೈ ತೊಳ್ಕಂಡು ಹಚ್ಚವ್ವ," ಅಂದರು ಮೆಲ್ಲಗೆ, ಮುಖ ಬೇರೆ ಕಡೆ ಮಾಡಿಕೊಂಡು.

"ತೊಳ್ಕತೀನಿ ಗೌಡ್ತಿ. ಬಡ್ಸೋರೂ ತೊಳ್ಕಳ್ಳಿ. ಗೋಡೆ ಮ್ಯಾಲೆ ಬರ್ದಿರೋದು ಎಲ್ರಿಗೂ ಅಂತೆ," ಅಂದಳು ಹಾಲಮ್ಮ. ಗೌಡ್ತಿ ನಕ್ಕರು. ಆ ಮದುವೆಗೆ ನಾನೂ ಹೋಗಿದ್ದೆ, ಇಡೀ ಊರು ಅವಳ ಎಲೆಯಲ್ಲಿ ಉಂಡಿತು. ಸಾರು ಒಂದು ತೊಟ್ಟೂ ಸೋರಲಿಲ್ಲ.

ಮದುವೆಯ ಹಿಂದಿನ ದಿನ ಚಾವಡಿಯ ಮುಂದೆ ಎಲೆಕಂತೆಗಳನ್ನು ಸೈಕಲ್ಲಿಗೆ ಕಟ್ಟುತ್ತಿದ್ದ ಮಹಬೂಬ್ ಸಾಬರನ್ನು ಹಾಲಮ್ಮ ಗೋಡೆಯ ವಿಷಯ ಮೊದಲ ಸಲ ಕೇಳಿದಳು. ಎಲ್ಲರ ಬಾಯಲ್ಲೂ ಅರ್ಧಂಬರ್ಧ ಕೇಳಿದ್ದಳೇ ಹೊರತು ಬರೆದವರ ಬಾಯಿಂದ ಕೇಳಿರಲಿಲ್ಲ.

"ಸಾಬ್ರೇ, ಮೊದ್ಲು ಏನ್ ಬರ್ದಿದ್ರಿ, ಈಗ ಏನ್ ಬರ್ದಿದೀರಿ, ಎರಡೂ ಓದಿ ಹೇಳಿ."

ಮಹಬೂಬ್ ಸಾಬ್ ಹಗ್ಗ ಬಿಟ್ಟು ನೆಟ್ಟಗೆ ನಿಂತರು. ಮೊದಲಿನದನ್ನು ಹೇಳುವಾಗ ಅವರ ದನಿ ಅರ್ಧಕ್ಕೆ ಇಳಿಯಿತು. ಎರಡನೆಯದನ್ನು ಗೋಡೆಯ ಮೇಲೆ ಬೆರಳಿಟ್ಟು ಓದಿದರು. ಹಾಲಮ್ಮ ತಲೆಯೆತ್ತಿ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೈಮೆಟ್ಟು ಹಾಕಿಕೊಂಡಳು.

"ಮೊದ್ಲೇ ಹಿಂಗ್ ಬರೀಬೋದಿತ್ತಲ್ವ ಸಾಬ್ರೇ," ಅಂದಳು. "ಜಾಗ ಇತ್ತಲ್ಲ."